ಜೆರುಸಲೇಮಿನ ಪತ್ರಗಳು

ಫ್ರೆಂಚ್ ಕ್ರಾಂತಿಯ ನಂತರದ ವರ್ಷಗಳಲ್ಲಿ ಪ್ಯಾರಿಸ್ ಹೊರವಲಯದ ಬಿಸೇತ್ರ್ ಸೆರೆಮನೆಯಲ್ಲಿ ಒಂದು ವಿಚಿತ್ರ ದಂಧೆ ನಡೆಯುತ್ತಿತ್ತು. ಕೈದಿಗಳು ದೂರದ ಊರುಗಳ ಸಿರಿವಂತರ ವಿಳಾಸ ಸಂಪಾದಿಸಿ ಕಾಗದ ಬರೆಯುತ್ತಿದ್ದರು. ಬರೆದವನು ದೇಶ ಬಿಟ್ಟು ಓಡಿದ ಕುಲೀನನೊಬ್ಬನ ಸೇವಕ, ಚಿನ್ನ, ವಜ್ರಗಳ ಪೆಟ್ಟಿಗೆಯನ್ನು ನಿಮ್ಮೂರಿನ ಹತ್ತಿರವೇ ಬಚ್ಚಿಟ್ಟಿದ್ದಾನೆ, ಈಗ ಸೆರೆಯಲ್ಲಿದ್ದಾನೆ. ಸ್ವಲ್ಪ ಹಣ ಕಳಿಸಿದರೆ ಜಾಗ ತೋರಿಸುತ್ತಾನೆ. ಈ ಕಾಗದಗಳಿಗೆ 'ಜೆರುಸಲೇಮಿನ ಪತ್ರಗಳು' ಎಂದು ಹೆಸರು. ಒಂದು ಕಾಲಕ್ಕೆ ಸ್ವತಃ ಕೈದಿಯಾಗಿದ್ದು, 1812ರಲ್ಲಿ ಪ್ಯಾರಿಸ್ಸಿನ ಪತ್ತೇದಾರಿ ದಳ ಕಟ್ಟಿದ ವಿಡೋಕ್ ಇವುಗಳ ಬಗ್ಗೆ ಬರೆದಿದ್ದಾನೆ. ನೂರು ಪತ್ರ ಹೋದರೆ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತು ಎಂಬುದು ಅವನ ಲೆಕ್ಕ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದೇ ಕಥೆ ಸ್ಪೇನಿನಿಂದ ಇಂಗ್ಲೆಂಡು, ಅಮೆರಿಕಗಳಿಗೆ ಅಂಚೆಯಲ್ಲಿ ಹೋಯಿತು. ಸೇವಕನ ಜಾಗದಲ್ಲಿ ಸ್ಪ್ಯಾನಿಷ್ ಕೈದಿ, ಜೊತೆಗೆ ಅವನ ತಬ್ಬಲಿ ಮಗಳು. 1898ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಆಗಲೇ ಹಳೆಯ ಮೋಸವೆಂದು ವರದಿ ಮಾಡಿತ್ತು. 1980ರ ದಶಕದಲ್ಲಿ ನೈಜೀರಿಯಾದಿಂದ ಪತ್ರ, ಫ್ಯಾಕ್ಸ್, ಮುಂದೆ ಇಮೇಲ್ ಹೊರಟವು. ಆ ದೇಶದ ದಂಡಸಂಹಿತೆಯ ಕಲಮಿನಿಂದ ಇದಕ್ಕೆ '419' ಎಂಬ ಹೆಸರು ಬಂತು.

ಈ ಎಲ್ಲ ಪತ್ರಗಳಲ್ಲೂ ತಪ್ಪದೆ ಬರುವ ಮಾತೊಂದಿದೆ: ಯಾರಿಗೂ ಹೇಳಬೇಡಿ. ಕದ್ದ ನಿಧಿಯ ಆಸೆಗೆ ಬಿದ್ದವನು ಮೋಸ ಹೋದ ಮೇಲೂ ಪೊಲೀಸರ ಹತ್ತಿರ ಹೋಗುವಂತಿರಲಿಲ್ಲ.

ಇದನ್ನೆಲ್ಲ ನನ್ನ ಸಂಶೋಧನೆಗಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಊರಿನಲ್ಲಿ ನನ್ನ ಸೋದರಮಾವನಿಗೆ ವೀಡಿಯೋ ಕರೆ ಬಂತು. ಸಮವಸ್ತ್ರ ತೊಟ್ಟವನೊಬ್ಬ, 'ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ' ಎಂದ. ಮೂರು ದಿನ ಮಾವ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಪರಿಶೀಲನೆ ಮುಗಿದ ಮೇಲೆ ವಾಪಸ್ಸು ಬರುತ್ತದೆಂದು ನಂಬಿ ನಿವೃತ್ತಿಯ ಹಣವನ್ನು ಅವರು ಹೇಳಿದ ಖಾತೆಗೆ ಹಾಕಿದರು. ಪಕ್ಕದ ಕೋಣೆಯಲ್ಲೇ ಇದ್ದ ಅತ್ತೆಗೂ ಹೇಳಲಿಲ್ಲ. 'ಹೇಳಿದ್ರೆ ಅವಳನ್ನೂ ಕೇಸಿಗೆ ಸೇರಿಸ್ತೀವಿ ಅಂದ್ರು' ಎಂದರು ಆಮೇಲೆ. ಆಸೆಯ ಜಾಗಕ್ಕೆ ಭಯ ಬಂದಿತ್ತು. ಗುಟ್ಟು ಮಾತ್ರ ಹಾಗೇ ಇತ್ತು.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಯಾವ ಪೊಲೀಸರೂ ಫೋನಿನಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಅದು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯುವ ಸಾಧ್ಯತೆ ಇರುತ್ತದೆ. ಮಾವ ಬಾಯಿಬಿಟ್ಟಿದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು.

ನಾನು ಊರಿಗೆ ಹೋದಾಗ ಅವರು ಕೇಳಿದ್ದು ಒಂದೇ: 'ಅಲ್ಲ ಕಣೋ, ನೀನು ಇದನ್ನೇ ಓದ್ತಿದ್ದೀಯಂತೆ. ಒಂದಿನನಾದ್ರೂ ನಮಗೆ ಹೇಳ್ಬಾರ್ದಿತ್ತಾ?'

ನನ್ನ ಬಳಿ ಉತ್ತರವಿರಲಿಲ್ಲ. ವಿಚಾರ ಸಂಕಿರಣಗಳಲ್ಲಿ ವಿಡೋಕನ ಬಗ್ಗೆ ಮಾತಾಡಿದ್ದೆ, ಮನೆಯ ಜಗಲಿಯಲ್ಲಿ ಆಡಿರಲಿಲ್ಲ.

ಓದು ಬಾರದ ನಮ್ಮಜ್ಜಿ ಬಂದ ಕಾಗದವನ್ನೆಲ್ಲ ಅಂಚೆಯಣ್ಣನಿಂದಲೇ ಓದಿಸುತ್ತಿದ್ದಳು. ಸುತ್ತ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದರು. ಅವಳ ಮನೆಗೆ ಜೆರುಸಲೇಮಿನ ಪತ್ರ ಬಂದಿದ್ದರೆ ಜಗಲಿ ದಾಟಿ ಒಳಗೆ ಹೋಗುತ್ತಿರಲಿಲ್ಲ. ಈಗ ಊರಿಗೆ ಹೋದಾಗಲೆಲ್ಲ ಸಂಜೆ ಜಗಲಿಯಲ್ಲಿ ಕೂತು ಈ ಕಥೆಗಳನ್ನು ಹೇಳುತ್ತೇನೆ. ಮಾವನೂ ಬಂದು ಕೂರುತ್ತಾರೆ. ನಾನು ಬಿಟ್ಟ ವಿವರಗಳನ್ನು ಅವರೇ ಸೇರಿಸುತ್ತಾರೆ.