ಮನೆಯ ಸಂಗೀತಕ್ಕೆ ಅಗ್ಗದ ಗಣಕಯಂತ್ರ

ಮನೆಯಲ್ಲೇ ಸಂಗೀತವನ್ನು ಮುದ್ರಿಸಲು ಹಳೆಯ ಕಂಪ್ಯೂಟರನ್ನು ಕೊಳ್ಳಹೊರಟವರು ಅದಕ್ಕೆ ಎಷ್ಟು ವಯಸ್ಸಾಯಿತೆಂದು ಮೊದಲು ವಿಚಾರಿಸುವುದುಂಟು. ಅದರಿಂದ ಯಾವ ಕೆಲಸ ಆಗಬೇಕು ಎಂಬುದೇ ಮೊದಲ ಪ್ರಶ್ನೆಯೆಂದು ಅಟಾರಿ ಎಸ್‌ಟಿ ಯಂತ್ರದ ಇತಿಹಾಸ ತಿಳಿಸುತ್ತದೆ.

1983ರಲ್ಲಿ ವಿದ್ಯುನ್ಮಾನ ವಾದ್ಯಗಳ ತಯಾರಕರು ‘ಮಿಡಿ’ ಎಂಬ ಸಂಕೇತಪದ್ಧತಿಯನ್ನು ಬಳಕೆಗೆ ತಂದರು. ಇದರಲ್ಲಿ ತಂತಿಯ ಮೂಲಕ ಹರಿಯುವುದು ಧ್ವನಿಯಲ್ಲ. ಯಾವ ಸ್ವರವನ್ನು, ಯಾವಾಗ, ಎಷ್ಟು ಬಲವಾಗಿ ನುಡಿಸಬೇಕೆಂಬ ಆಜ್ಞೆ ಮಾತ್ರ. 1985ರಲ್ಲಿ ಬಂದ ಅಟಾರಿ 520 ಎಸ್‌ಟಿ ಯಂತ್ರದಲ್ಲಿ ಮಿಡಿ ವಾದ್ಯಗಳನ್ನು ಜೋಡಿಸುವ ದ್ವಾರಗಳು ಮೊದಲೇ ಇದ್ದವು. ಇತರ ಯಂತ್ರಗಳಿಗೆ ಆ ಉಪಕರಣವನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕಾಗಿತ್ತು.

ಮರುವರ್ಷದ 1040 ಎಸ್‌ಟಿಯ ಸ್ಮರಣಶಕ್ತಿ 1 ಮೆಗಾಬೈಟ್. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,76,400 ಬೈಟುಗಳು ಬೇಕು. ಈ ಲೆಕ್ಕದಲ್ಲಿ ಅದರಲ್ಲಿ 6 ಸೆಕೆಂಡಿನ ಗಾಯನವೂ ಹಿಡಿಸದು. ಆಜ್ಞೆಗಳಾದರೋ ಇಡೀ ಹಾಡಿನಷ್ಟು ಹಿಡಿಸುತ್ತಿದ್ದವು. ಅಷ್ಟೇ ಸಾಕೆಂದವರಿಗೆ ಅದು ವರ್ಷಗಟ್ಟಲೆ ನೆರವಾಯಿತು. ಇಂಗ್ಲೆಂಡಿನ ಫ್ಯಾಟ್‌ಬಾಯ್ ಸ್ಲಿಮ್ ತಮ್ಮ 1998ರ ಜನಪ್ರಿಯ ಆಲ್ಬಮ್ಮಿಗೂ ಈ ಹಳೆಯ ಯಂತ್ರವನ್ನೇ ನೆಚ್ಚಿದರು.

ಆದರೆ ಕಂಠವನ್ನೋ ವೀಣೆಯನ್ನೋ ಇದ್ದಂತೆಯೇ ಹಿಡಿದಿಡಬೇಕಾದರೆ ಆಜ್ಞೆಗಳು ಸಾಲವು. ಅಂಥವರು ಡಿಸ್ಕಿನಲ್ಲಿ ಸಾಕಷ್ಟು ಸ್ಥಳವಿದೆಯೇ, ಬೇಕಾದ ತಂತ್ರಾಂಶ ನಡೆಯುವುದೇ, ಮೈಕಿನ ಉಪಕರಣ ಹೊಂದುವುದೇ, ಫ್ಯಾನಿನ ಸದ್ದು ಶ್ರುತಿಯೊಡನೆ ಬೆರೆಯುವುದೇ ಎಂಬುದನ್ನು ಪರೀಕ್ಷಿಸಿಯೇ ಹಣ ಕೊಡುವುದು ಲೇಸು. ಕೆಲಸಕ್ಕೆ ಒದಗುವ ಹಳೆಯ ಯಂತ್ರ ಅಗ್ಗ. ಒದಗದಿದ್ದರೆ ಎಷ್ಟು ಕಡಿಮೆ ಬೆಲೆಯೂ ದುಬಾರಿಯೇ.