ಯುಪಿಎಸ್ ಸಾಕೆಟ್ (ಮನೆಬಳಕೆ)

ಕರೆಂಟ್ ಹೋದಾಗ ಬ್ಯಾಟರಿಯಿಂದ ವಿದ್ಯುತ್ ಪಡೆಯುವ ಲೈನಿಗೆ ಸೇರಿದ, ಬಣ್ಣದಲ್ಲೋ ಆಕಾರದಲ್ಲೋ ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಗೋಡೆ ಸಾಕೆಟ್. ಕರ್ನಾಟಕದಲ್ಲಿ ಮನೆಯ ಇನ್ವರ್ಟರನ್ನೂ ಯುಪಿಎಸ್ ಎಂದೇ ಕರೆಯುವುದು ವಾಡಿಕೆ. ಈ ಗುರುತಿನಿಂದ ಎರಡು ಕೆಲಸ ಆಗಬೇಕು. ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಭಾರಿ ಉಪಕರಣಗಳನ್ನು ಬ್ಯಾಟರಿಯಿಂದ ದೂರವಿಡುವುದು ಒಂದು. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಇಲ್ಲಿ 230 ವೋಲ್ಟ್ ಇದ್ದೇ ಇರುತ್ತದೆಂದು ರಿಪೇರಿಗೆ ಬಂದವರನ್ನು ಎಚ್ಚರಿಸುವುದು ಇನ್ನೊಂದು. ಮೊದಲನೆಯದು ತಪ್ಪಿದರೆ ಯುಪಿಎಸ್ ಕೂಗಿಕೊಂಡು ನಿಂತೀತು, ಎರಡನೆಯದು ತಪ್ಪಿದರೆ ಜೀವಕ್ಕೇ ಕುತ್ತು. ಆದರೂ ಮನೆ ಕಟ್ಟಿಸುವವರ ಲಕ್ಷ್ಯವೆಲ್ಲ ಸಾಮಾನ್ಯವಾಗಿ ಮೊದಲನೆಯದರ ಮೇಲೇ.

ಆಕಾರದಿಂದ ಗುರುತು

ಸಾಕೆಟ್ಟಿನ ಆಕಾರದಿಂದ ಲೈನುಗಳನ್ನು ಬೇರ್ಪಡಿಸುವ ಪದ್ಧತಿ ಮನೆಯ ಯುಪಿಎಸ್‌ಗಿಂತ ಬಹಳ ಹಳೆಯದು. ಬ್ರಿಟನ್ನಿನ ಬಿಎಸ್ 546 ಮಾನಕ (1934) ದುಂಡು ಪಿನ್ನಿನ ಸಾಕೆಟ್‌ಗಳಿಗೆ 2, 5, 15 ಮತ್ತು 30 ಆಂಪಿಯರುಗಳ ನಾಲ್ಕು ಅಳತೆಗಳನ್ನು ಗೊತ್ತುಮಾಡಿತು. ಒಂದರ ಪ್ಲಗ್ ಇನ್ನೊಂದಕ್ಕೆ ಕೂರುವುದಿಲ್ಲ. 5 ಆಂಪಿಯರಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ವ್ಯಾಸ 5.08 ಮಿ.ಮೀ., ಅವುಗಳ ನಡುವಿನ ಅಂತರ 19.05 ಮಿ.ಮೀ. 15 ಆಂಪಿಯರಿನಲ್ಲಿ ಇವು ಕ್ರಮವಾಗಿ 7.06 ಮತ್ತು 25.4 ಮಿ.ಮೀ. ಸಣ್ಣದರ ಅರ್ತ್ ಪಿನ್ನಿನ ದಪ್ಪವೂ ದೊಡ್ಡದರ ಫೇಸ್ ಪಿನ್ನಿನ ದಪ್ಪವೂ ಒಂದೇ ಆಗಿರುವುದು ಈ ಮಾಲಿಕೆಯ ಒಂದು ಸ್ವಾರಸ್ಯ.

1947ರಲ್ಲಿ ಬಂದ ಬಿಎಸ್ 1363 ಚಪ್ಪಟೆ ಪಿನ್ನು, ಒಳಗೇ ಫ್ಯೂಸ್ ಇರುವ 13 ಆಂಪಿಯರ್ ಪ್ಲಗ್ಗನ್ನು ತಂದಿತು. ಬ್ರಿಟಿಷ್ ಮನೆಗಳಲ್ಲಿ ದುಂಡು ಪಿನ್ನು ಕ್ರಮೇಣ ಹಿಂದೆ ಸರಿದರೂ ಪೂರ್ತಿ ಮಾಯವಾಗಲಿಲ್ಲ. ಬಾಗಿಲ ಬಳಿಯ ಸ್ವಿಚ್ಚು ಅಥವಾ ಡಿಮ್ಮರಿನಿಂದ ನಡೆಯುವ ಟೇಬಲ್ ಲ್ಯಾಂಪುಗಳಿಗೆ 2 ಮತ್ತು 5 ಆಂಪಿಯರ್, ನಾಟಕ ರಂಗದ ಬೆಳಕಿಗೆ 15 ಆಂಪಿಯರ್ ಸಾಕೆಟ್‌ಗಳು ಅಲ್ಲಿ ಉಳಿದುಕೊಂಡವು. ದೀಪದ ಲೈನಿಗೆ ಯಾರೂ ಕಸ ಹೀರುವ ಯಂತ್ರ ಸಿಕ್ಕಿಸಬಾರದು ಎಂಬುದು ಒಂದು ಕಾರಣ. ಬಿಎಸ್ 1363ರಿಂದಲೂ ಬೇಕೆಂದೇ ಹೊಂದಿಕೆಯಾಗದ ತಳಿಗಳು ಹುಟ್ಟಿದವು. ಪಿನ್ನುಗಳನ್ನು 90 ಡಿಗ್ರಿ ತಿರುಗಿಸಿದ ವಾಲ್ಸಾಲ್ ಗೇಜನ್ನು ಬಿಬಿಸಿ ಮತ್ತು ಲಂಡನ್ನಿನ ಸುರಂಗ ರೈಲು ಸಂಸ್ಥೆ ಬಳಸಿದವು. ಕಂಪ್ಯೂಟರುಗಳ ಪ್ರತ್ಯೇಕ ಲೈನಿಗೆ ಅರ್ತ್ ಪಿನ್ನು 'ಟಿ' ಆಕಾರದಲ್ಲಿರುವ ಪ್ಲಗ್ಗು ಬಂತು. ಈ ತಳಿಗಳೆಲ್ಲ ಬಳಕೆಯಾದದ್ದು ಪ್ಲಗ್ ಬದಲಿಸಲು ಸ್ವಂತ ಸಿಬ್ಬಂದಿಯಿದ್ದ ಸಂಸ್ಥೆಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಭಾರತ ಉಳಿಸಿಕೊಂಡದ್ದು 5 ಮತ್ತು 15ರ ಅಳತೆಗಳನ್ನು. ಇಲ್ಲಿನ ಮಾನಕ ಐಎಸ್ 1293ರಲ್ಲಿ ಅವೇ ಈಗ 6 ಮತ್ತು 16 ಆಂಪಿಯರ್. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ದೊಡ್ಡದು ಇಂದಿಗೂ 'ಪವರ್ ಪಾಯಿಂಟ್'. ಹೀಗೆ ಭಾರಿ ಉಪಕರಣ ಯಾವುದು, ಹಗುರದ್ದು ಯಾವುದು ಎಂಬುದನ್ನು ಪಿನ್ನೇ ಹೇಳುತ್ತಿತ್ತು. 6 ಮತ್ತು 16 ಎರಡನ್ನೂ ಒಪ್ಪುವ ಟೂ-ಇನ್-ಒನ್ ಸಾಕೆಟ್ಟು, ಯಾವ ದೇಶದ ಪ್ಲಗ್ಗನ್ನೂ ನುಂಗುವ ಮಲ್ಟಿ ಸಾಕೆಟ್ಟು ಬಂದ ಮೇಲೆ ಆ ಬೇಲಿ ಮುರಿಯಿತು.

ಬಣ್ಣದಿಂದ ಗುರುತು

ಅಮೆರಿಕದ ಆಸ್ಪತ್ರೆಗಳಲ್ಲಿ ತುರ್ತು ವಿದ್ಯುತ್ತಿನ ಸಾಕೆಟ್ ಕೆಂಪು. ಅಲ್ಲಿನ ನಿಯಮ ಕೇಳುವುದು ಎದ್ದು ಕಾಣುವ ಬಣ್ಣ ಅಥವಾ ಗುರುತನ್ನು ಮಾತ್ರ, ಕೆಂಪು ರೂಢಿಯಿಂದ ಬಂದದ್ದು. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲೂ ಯುಪಿಎಸ್ ಸಾಕೆಟ್ ಕೆಂಪು, ಯುಪಿಎಸ್ ಇಲ್ಲದ 'ರಾ ಪವರ್' ಸಾಕೆಟ್ ಬಿಳಿ. ಕಾರ್ಖಾನೆಗಳ ಐಇಸಿ 60309 ಮಾದರಿಯಲ್ಲಾದರೋ ಕೆಂಪು ಸೂಚಿಸುವುದು 400 ವೋಲ್ಟನ್ನು. ಅಂದಮೇಲೆ ಬಣ್ಣ ಯಾವುದಾದರೂ ಆಗಲಿ, ಮನೆಯುದ್ದಕ್ಕೂ ಅದು ಒಂದೇ ಇರಬೇಕು.

ಆಯ್ಕೆ

ಬಣ್ಣ ತಿಳಿಸುತ್ತದೆ, ತಡೆಯುವುದಿಲ್ಲ. ತಡೆಯಲು ವಿಶೇಷ ಆಕಾರದ ಸಾಕೆಟ್ ಹಾಕಿದರೆ ಲ್ಯಾಪ್‌ಟಾಪ್, ವೈಫೈ ರೂಟರ್, ಫೋನ್ ಚಾರ್ಜರ್ ಪ್ರತಿಯೊಂದಕ್ಕೂ ಪ್ಲಗ್ ಬದಲಿಸಬೇಕು ಇಲ್ಲವೇ ಅಡಾಪ್ಟರ್ ಹುಡುಕಬೇಕು. ಅಡಾಪ್ಟರ್ ಮನೆಗೆ ಬಂದ ದಿನವೇ ಆಕಾರದ ಉದ್ದೇಶ ಕೆಡುತ್ತದೆ. ಆದ್ದರಿಂದ ಮನೆಗೆ ಒಪ್ಪುವುದು 6 ಆಂಪಿಯರ್ ಪ್ಲಗ್ಗನ್ನು ಮಾತ್ರ ಒಪ್ಪುವ, ಶಟರ್ ಇರುವ, ಬೇರೆ ಬಣ್ಣದ ಸಾಕೆಟ್. ಯುಪಿಎಸ್ ಲೈನಿನಲ್ಲಿ 16 ಆಂಪಿಯರ್, ಟೂ-ಇನ್-ಒನ್, ಮಲ್ಟಿ ಸಾಕೆಟ್‌ಗಳಿಗೆ ಜಾಗವಿರಬಾರದು.

ಇದೂ ಪೂರ್ತಿ ಕಾವಲಲ್ಲ. 900 ವಿಎ ಯುಪಿಎಸ್ ಹೊರುವ ಭಾರ ಸುಮಾರು 700 ವಾಟ್. 6 ಆಂಪಿಯರ್ ಸಾಕೆಟ್ಟಿನ ಮಿತಿ 230 ವೋಲ್ಟಿನಲ್ಲಿ 1,380 ವಾಟ್. 1,000 ವಾಟಿನ ಇಸ್ತ್ರಿಪೆಟ್ಟಿಗೆಗಳು ಬರುವುದು 6 ಆಂಪಿಯರ್ ಪ್ಲಗ್ಗಿನಲ್ಲೇ, 750 ವಾಟಿನ ಮಿಕ್ಸಿಯೂ ಹಾಗೆಯೇ. ಕರೆಂಟ್ ಇರುವಾಗ ಅದು ಯುಪಿಎಸ್ ಮೂಲಕ ಸುಮ್ಮನೆ ಹಾದುಹೋಗುವುದರಿಂದ ಇಸ್ತ್ರಿ ಚೆನ್ನಾಗಿಯೇ ಕಾಯುತ್ತದೆ, ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಕರೆಂಟ್ ಹೋದ ಗಳಿಗೆಯಲ್ಲಿ ಓವರ್‌ಲೋಡ್ ಆಗಿ ದೀಪ, ಫ್ಯಾನ್ ಎಲ್ಲವೂ ಒಟ್ಟಿಗೆ ಆರುತ್ತವೆ. ಹೀಗಾಗಿ ಅಡುಗೆಕಟ್ಟೆಯ ಮೇಲೂ ಇಸ್ತ್ರಿ ಮಾಡುವ ಜಾಗದಲ್ಲೂ ಯುಪಿಎಸ್ ಪಾಯಿಂಟ್ ಕೊಡದಿರುವುದೇ ಎಲ್ಲಕ್ಕಿಂತ ಗಟ್ಟಿಯಾದ ತಡೆ. ಟಿವಿ, ರೂಟರ್, ಓದುವ ಮೇಜು, ಹಾಸಿಗೆಯ ಪಕ್ಕ ಇವಿಷ್ಟು ಸಾಕು.

ಅಪಾರ್ಟ್‌ಮೆಂಟಿನ ಜನರೇಟರ್ ಸಾಮಾನ್ಯವಾಗಿ ಇಂತಿಷ್ಟೇ ಭಾರವೆಂಬ ಮಿತಿಯೊಡನೆ ಇಡೀ ಮನೆಗೆ ವಿದ್ಯುತ್ ಕೊಡುವುದರಿಂದ ಅಲ್ಲಿ ಈ ಗುರುತಿಗೆ ಹೆಚ್ಚು ಅರ್ಥವಿಲ್ಲ.

ವೈರಿಂಗ್

ಹಳೆಯ ಮನೆಗಳಲ್ಲಿ ಯುಪಿಎಸ್‌ನಿಂದ ಫೇಸ್ ವೈರ್ ಮಾತ್ರ ಎಳೆದು, ನ್ಯೂಟ್ರಲ್ಲಿಗೆ ಮನೆಯಲ್ಲಿ ಮೊದಲೇ ಇರುವ ವೈರನ್ನೇ ಬಳಸುವ ಅಭ್ಯಾಸವಿದೆ. ಫೇಸ್ ಒಂದು ಆರ್‌ಸಿಸಿಬಿಯಿಂದಲೂ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ನ್ಯೂಟ್ರಲ್ ಇನ್ನೊಂದರಿಂದಲೂ ಬಂದರೆ ಕರೆಂಟ್ ಇರುವಾಗಲೇ ಎರಡೂ ಟ್ರಿಪ್ ಆಗಬಹುದು. ಇದಕ್ಕೆ ಮದ್ದೆಂದು ಆರ್‌ಸಿಸಿಬಿಯನ್ನೇ ತೆಗೆದುಹಾಕುವುದು ಅಪಾಯಕಾರಿ. ಕೆಂಪು ಸಾಕೆಟ್ ಕೊಳ್ಳುವ ಮುನ್ನ ಅದರ ನ್ಯೂಟ್ರಲ್ ಎಲ್ಲಿಂದ ಬಂದಿದೆಯೆಂದು ನೋಡಿಸಬೇಕು, 'ಮೇನ್ ಆಫ್ ಆದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುತ್ತದೆ' ಎಂದು ಮೇನ್ ಬೋರ್ಡಿನ ಬಾಗಿಲ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಬೇಕು.