ರಾಗಿ ಬೀಸುವ ಕಲ್ಲೂ ರಾಜ್ಯದ ಮಾತೂ

‘ಯಾವ ರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ’ ಎಂಬುದು ನಮ್ಮ ಬಯಲುಸೀಮೆಯ ಹಳೆಯ ಗಾದೆ. ಆಳುವವರು ಬದಲಾಗುತ್ತಾರೆ, ಬಾವುಟ ಬದಲಾಗುತ್ತದೆ, ನಾಣ್ಯದ ಮೇಲಿನ ಮುದ್ರೆ ಬದಲಾಗುತ್ತದೆ. ಆದರೆ ಬೆಳಗಿನ ಜಾವದಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕೂಡುವ ಹೆಂಗಸಿನ ಪಾಡು ಮಾತ್ರ ಇದ್ದಂತೆಯೇ ಇರುತ್ತದೆ ಎಂಬುದು ಅದರ ತಾತ್ಪರ್ಯ. ಗಾದೆಯನ್ನು ಕಟ್ಟಿದವರು ದಡ್ಡರಲ್ಲ. ಶತಮಾನಗಳ ಅನುಭವ ಅದರಲ್ಲಿ ಹೆಪ್ಪುಗಟ್ಟಿದೆ. ಆದರೂ ಇಂದು ‘ರಾಜಕೀಯ ನಮಗೇಕೆ?’ ಎಂದು ಕೈತೊಳೆದುಕೊಳ್ಳುವ ಪಟ್ಟಣದ ಸುಶಿಕ್ಷಿತರ ಬಾಯಲ್ಲಿ ಅದೇ ಗಾದೆ ಬೇರೊಂದು ವೇಷದಲ್ಲಿ ಕೇಳಿಬರುವಾಗ, ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಚರಿತ್ರೆಯ ಮುಂದೆ ಹಿಡಿದು ನೋಡಬೇಕೆನಿಸುತ್ತದೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಹಳೆಯ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಕಥೆಯೇ ಸಾಕು.

ಆ ಕಥೆ ಪ್ರಾರಂಭವಾಗುವುದು ಸಭಾಂಗಣದಲ್ಲಲ್ಲ, ಬರಿದಾದ ಕಣಜಗಳಲ್ಲಿ. 1876ರಿಂದ 1878ರವರೆಗಿನ ಧಾತು ಈಶ್ವರದ ಬರವನ್ನು ನಮ್ಮ ಹಿರಿಯರು ಬಹುಕಾಲ ಮರೆಯಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕಿಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಸೊರಗಿತು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು, 1881ರ ಮಾರ್ಚಿ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಹಿಂದಿರುಗಿದಾಗ, ಅವರ ಕೈಗೆ ಬಂದದ್ದು ಬರದಿಂದ ಬೆಂದ ನಾಡು, ಜೊತೆಗೆ 80 ಲಕ್ಷ ರೂಪಾಯಿಗಳ ಸಾಲದ ಹೊರೆ.

ಈ ಸನ್ನಿವೇಶದಲ್ಲಿ ದಿವಾನರಾದವರು ಸಿ. ರಂಗಾಚಾರ್ಲು. ಅವರು ಕನಸುಗಾರರಲ್ಲ, ಲೆಕ್ಕಪತ್ರ ಬಲ್ಲ ಆಡಳಿತಗಾರರು. ಸರ್ಕಾರಕ್ಕೂ ಜನಕ್ಕೂ ನಡುವೆ ಬಾಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಬರ ತೋರಿಸಿಕೊಟ್ಟಿತ್ತು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತು. ಅದೇ ವರ್ಷ ದಸರೆಯ ಸಂದರ್ಭದಲ್ಲಿ, ಅಕ್ಟೋಬರ್ 7ರಂದು, 144 ಮಂದಿ ಸದಸ್ಯರ ಮೊದಲ ಸಭೆ ಸೇರಿತು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವೆಂಬುದನ್ನು ವಾಚಕರು ನೆನೆಯಬೇಕು.

ಬಂದವರು ಯಾರು? ಪ್ರತಿ ತಾಲ್ಲೂಕಿನಿಂದಲೂ ಒಬ್ಬಿಬ್ಬರು ಜಮೀನುಳ್ಳ ರೈತರು. ಪ್ರತಿ ಜಿಲ್ಲೆಯಿಂದಲೂ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು. ಅವರನ್ನು ಆರಿಸಿ ಕಳುಹಿಸಿದ್ದು ಜನವಲ್ಲ, ಸ್ಥಳೀಯ ನಿಧಿ ಮಂಡಲಿಗಳು. ಅವರಿಗೆ ಶಾಸನ ಮಾಡುವ ಅಧಿಕಾರವಿಲ್ಲ, ಆಯವ್ಯಯವನ್ನು ತಿದ್ದುವ ಅಧಿಕಾರವಿಲ್ಲ. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವರು. ಸದಸ್ಯರು ತಮ್ಮ ತಮ್ಮ ಸೀಮೆಯ ಕಷ್ಟಸುಖಗಳನ್ನು ಹೇಳಿಕೊಳ್ಳುವರು. ಸರ್ಕಾರ ಉತ್ತರ ಕೊಡುವುದು. ಅಷ್ಟೆ.

ಅಷ್ಟೆ ಎಂದು ಹೇಳಿಬಿಡುವುದು ಸುಲಭ. ಆದರೆ ಆ ಕಾಲದ ಭಾಷೆಯನ್ನು ಗಮನಿಸಿದರೆ ಅದರ ಬೆಲೆ ತಿಳಿಯುತ್ತದೆ. ಆಳುವವರ ಮುಂದೆ ಬಾಯಿ ತೆರೆಯಲು ಕನ್ನಡಿಗನಿಗೆ ಎಷ್ಟೊಂದು ಮಾತುಗಳಿದ್ದುವು! ‘ಅರಿಕೆ’ ಅಚ್ಚಗನ್ನಡದ್ದು, ತಿಳಿಯಪಡಿಸುವುದೆಂದು ಅರ್ಥ. ‘ಬಿನ್ನಹ’ ಸಂಸ್ಕೃತದ ವಿಜ್ಞಾಪನೆ ನಮ್ಮ ನಾಲಗೆಯಲ್ಲಿ ಸವೆದು ಬಂದದ್ದು. ‘ಅರ್ಜಿ’, ‘ಅಹವಾಲು’ ಅರಬ್ಬಿಯಿಂದಲೂ, ‘ಫಿರ್ಯಾದು’ ಪಾರಸಿಯಿಂದಲೂ ಬಂದು ನಮ್ಮ ಕಚೇರಿಗಳಲ್ಲಿ ನೆಲಸಿದವು. ಎಷ್ಟು ದೊರೆತನಗಳು ಬಂದು ಹೋದವೋ ಅಷ್ಟು ಬಗೆಯಲ್ಲಿ ನಾವು ಬೇಡುವುದನ್ನು ಕಲಿತೆವು. ‘ಪ್ರಜೆ’ ಎಂಬ ಮಾತಿಗೂ ಸಂಸ್ಕೃತದಲ್ಲಿ ಸಂತಾನವೆಂಬುದೇ ಮೊದಲ ಅರ್ಥ; ಅರಸ ತಂದೆ, ಪ್ರಜೆ ಮಗು. ಮಗು ಬೇಡಬಹುದು, ಅಳಬಹುದು, ಲೆಕ್ಕ ಕೇಳುವಂತಿಲ್ಲ. ಆ ‘ಪ್ರಜೆ’ಯ ಪಕ್ಕದಲ್ಲಿ ‘ಪ್ರತಿನಿಧಿ’ ಎಂಬ ಮಾತನ್ನು ತಂದು ಕೂರಿಸಿದ್ದೇ 1881ರ ಹೊಸತನ. ಒಬ್ಬನು ತನ್ನ ಕಷ್ಟವನ್ನು ಹೇಳಿಕೊಂಡರೆ ಅದು ಅರ್ಜಿ. ತಾಲ್ಲೂಕಿನ ಕಷ್ಟವನ್ನು ನಾಲ್ಕು ಜನರ ಮುಂದೆ ನಿಂತು ಹೇಳಿ, ಅದಕ್ಕೆ ಸರ್ಕಾರದಿಂದ ಬಹಿರಂಗವಾಗಿ ಉತ್ತರ ಪಡೆದರೆ ಅದು ರಾಜಕೀಯ. ಕೆರೆಯ ಕೋಡಿ, ರಸ್ತೆ, ಕಂದಾಯದ ಕಂತು, ಕಾಡಿನಲ್ಲಿ ದನ ಮೇಯಿಸುವ ಹಕ್ಕು ಇಂಥ ದಿನಬಳಕೆಯ ಸಂಗತಿಗಳೇ ರಾಜ್ಯದ ಮಾತುಗಳಾದವು.

ಆದರೆ ಆ ಸಭೆಯನ್ನು ಹೊಗಳುವಾಗ ಅಲ್ಲಿ ಯಾರಿರಲಿಲ್ಲವೆಂಬುದನ್ನೂ ಕೇಳಬೇಕು. ಜಮೀನಿದ್ದವನು ಬಂದ, ಆ ಜಮೀನಿನಲ್ಲಿ ದುಡಿದವನು ಬರಲಿಲ್ಲ. ವರ್ತಕನು ಬಂದ, ಅವನ ಮೂಟೆ ಹೊತ್ತವನು ಬರಲಿಲ್ಲ. ಊರ ಹೊರಗೆ ಬಾಳಿದವರಿಗೆ ಬಾಗಿಲು ತೆರೆಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಇನ್ನು ಬೀಸುವ ಕಲ್ಲಿನ ಮುಂದಿನ ಹೆಂಗಸಿನ ಮಾತಂತೂ ಯಾರಿಗೂ ಹೊಳೆದಿರಲಾರದು.

ಆಕೆಯ ಬದುಕು ಆಕೆಯಿಲ್ಲದ ಸಭೆಗಳಲ್ಲಿಯೇ ಚರ್ಚೆಗೆ ಬಂದಿತು. ಶೇಷಾದ್ರಿ ಅಯ್ಯರ್ ದಿವಾನಗಿರಿಯ ಕಾಲದಲ್ಲಿ, 1894ರಲ್ಲಿ, ಬಾಲ್ಯವಿವಾಹವನ್ನು ತಡೆಯುವ ಶಾಸನ ಮೈಸೂರಿನಲ್ಲಿ ಬಂದಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಂದು ನೋಡಿದರೆ ಎಷ್ಟು ಅಲ್ಪ! ಎಂಟು ತುಂಬಿದ ಮಗುವಿಗೆ ಮದುವೆಯಾಗಬಹುದೆಂದೇ ಅದರ ಇನ್ನೊಂದು ಅರ್ಥ. ಆದರೂ ಮನೆಯೊಳಗಿನ ಹಸೆಮಣೆಯವರೆಗೆ ರಾಜ್ಯದ ಶಾಸನ ನಡೆದುಬಂದುದು ಸಣ್ಣ ಸಂಗತಿಯಲ್ಲ. ರಾಜಕೀಯವೇ ಬೇರೆ, ಸಂಸಾರವೇ ಬೇರೆ ಎನ್ನುವವರು ಆ ಹುಡುಗಿಯರನ್ನು ಕೇಳಬೇಕಾಗಿತ್ತು.

ಸಭೆಯ ಹೊಸ್ತಿಲು ಸ್ವಲ್ಪ ಸ್ವಲ್ಪವಾಗಿಯೇ ತಗ್ಗಿತು. 1891ರ ವೇಳೆಗೆ ಚುನಾವಣೆಯ ಪದ್ಧತಿ ಬಂದರೂ ಮತದ ಹಕ್ಕು ದೊರೆತದ್ದು ಇಂತಿಷ್ಟು ತೆರಿಗೆ ಕಟ್ಟುವವರಿಗೆ, ಆಸ್ತಿವಂತರಿಗೆ, ಓದಿದವರಿಗೆ. ದಾರಿಯೂ ಒಂದೇ ಸಮನಾಗಿ ಮುಂದಕ್ಕೆ ಸಾಗಲಿಲ್ಲ. ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, 1907ರಲ್ಲಿ, ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ಮರುವರ್ಷವೇ ವೃತ್ತಪತ್ರಿಕೆಗಳ ಬಾಯಿ ಕಟ್ಟುವ ಶಾಸನವೂ ಬಂದಿತು. ‘ತಾತಯ್ಯ’ ಎಂದು ನಾಡೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಪ್ರತಿನಿಧಿಗಳು ಸಭೆಯಲ್ಲಿ ವರ್ಷಕ್ಕೊಮ್ಮೆ ಮಾತನಾಡಬಹುದು, ಪ್ರಜೆಗಳು ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಮಾತನಾಡಬಾರದು ಎಂಬುದರಲ್ಲಿ ಅಡಗಿದ್ದ ವಿಪರ್ಯಾಸವನ್ನು ಅವರು ಮೌನದಿಂದಲೇ ಎತ್ತಿ ತೋರಿಸಿದರು.

ಕಚೇರಿಗಳಲ್ಲಿ ಕುಳಿತವರು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಎದ್ದಿತು. ಸರ್ಕಾರಿ ಕೆಲಸಗಳು ಒಂದೇ ಕೋಮಿನವರ ಕೈಯಲ್ಲಿ ನೆಲೆಗೊಂಡಿವೆಯೆಂದು ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಅರಿಕೆ ಮಾಡಿಕೊಂಡರು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಅವರ ದಕ್ಷತೆಗೆ ನಾಡು ಋಣಿಯಾಗಿದೆ. ಆದರೆ ಶಾಲೆಯ ಬಾಗಿಲೇ ತೆರೆಯದಿದ್ದವನ ಅರ್ಹತೆಯನ್ನು ಅಳೆಯುವುದೆಂತು ಎಂಬ ಪ್ರಶ್ನೆಗೆ ಆ ದಕ್ಷತೆಯಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಕೇಳಿದವರೇ ದೊರಕಿಸಿಕೊಳ್ಳಬೇಕಾಯಿತು.

1923ರ ಶಾಸನದಿಂದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬುನಾದಿ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕೆಂದಾಯಿತು. ಹೆಂಗಸೆಂಬ ಕಾರಣದಿಂದಲೇ ಮತದ ಹಕ್ಕು ತಪ್ಪಕೂಡದೆಂದೂ ಆಯಿತು. ಅಂತೂ ನಲವತ್ತೆರಡು ವರ್ಷಗಳ ಬಳಿಕ ಹೆಂಗಸು ಲೆಕ್ಕಕ್ಕೆ ಬಂದಳು. ಆಸ್ತಿಯ ಅರ್ಹತೆ ಉಳಿದುದರಿಂದ ಬಂದವರು ಬೆರಳೆಣಿಕೆಯವರೆಂಬುದು ಬೇರೆ ಮಾತು.

ಇಲ್ಲಿ ನಮ್ಮ ಗಾದೆಗೆ ಹಿಂದಿರುಗೋಣ. ರಾಗಿ ಬೀಸುವುದು ತಪ್ಪಲೇ ಇಲ್ಲವೆ? ತಪ್ಪಿತು. ಇಂದು ನಮ್ಮ ನಾಡಿನ ಮನೆಗಳಲ್ಲಿ ಬೀಸುವ ಕಲ್ಲು ಬಹುಮಟ್ಟಿಗೆ ಮೂಲೆ ಸೇರಿದೆ. ಹೆಂಗಸರ ರಟ್ಟೆಗಳಿಗೆ ಬಿಡುಗಡೆ ಕೊಟ್ಟದ್ದು ಹಿಟ್ಟಿನ ಗಿರಣಿ. ಊರೂರಿಗೆ ಗಿರಣಿಯನ್ನು ಹರಡಿದ್ದು ವಿದ್ಯುಚ್ಛಕ್ತಿ. ವಿದ್ಯುಚ್ಛಕ್ತಿಯನ್ನು ತಂದದ್ದು ರಾಜ್ಯ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿಯತೊಡಗಿತು. ಅದು ಮೊದಲು ಹೋದದ್ದೆಲ್ಲಿಗೆ? 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆ ತಂತಿಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಹೆಂಗಸರು ಇನ್ನೂ ದಶಕಗಳ ಕಾಲ ಬೀಸುತ್ತಲೇ ಇದ್ದರು. ಗಣಿಯ ಕಂಪನಿ ಹಣ ಕೊಡಬಲ್ಲುದಾಗಿತ್ತು, ಆ ಹಣದಿಂದ ಸಂಸ್ಥಾನದ ಬೊಕ್ಕಸ ತುಂಬಿತು, ಅದರಿಂದ ಒಳ್ಳೆಯ ಕೆಲಸಗಳೂ ಆದವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ತಂತಿ ಯಾರ ಮನೆಗೆ ಮೊದಲು, ಯಾರ ಮನೆಗೆ ಕೊನೆಗೆ ಎಂಬುದನ್ನು ದೇವರು ನಿಶ್ಚಯಿಸಲಿಲ್ಲ, ಕಚೇರಿ ನಿಶ್ಚಯಿಸಿತು. ಬೀಸುವ ಕಲ್ಲು ನಿಂತದ್ದೂ ರಾಜಕೀಯದಿಂದ, ಅಷ್ಟು ತಡವಾಗಿ ನಿಂತದ್ದೂ ರಾಜಕೀಯದಿಂದಲೇ. ಗಾದೆ ಹೇಳುವಂತೆ ರಾಜ್ಯಕ್ಕೂ ರಾಗಿಗೂ ಸಂಬಂಧವಿಲ್ಲವೆಂದಲ್ಲ. ರಾಗಿ ಬೀಸುವವಳಿಗೆ ರಾಜ್ಯದಲ್ಲಿ ಮಾತಿರಲಿಲ್ಲವೆಂಬುದೇ ಸತ್ಯ.

ಮಾತು ಬೇಕೆಂದು ಜನ ಕೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದ ಹಳ್ಳಿಗರು, 1947ರ ‘ಮೈಸೂರು ಚಲೋ’ ಚಳವಳಿ, ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಕ್ತಾಯವಾಯಿತು. ಅದರ ಕೆಲಸ ಮುಗಿದಿತ್ತು. ಬಿನ್ನಹದ ಯುಗ ಕಳೆದು ಹಕ್ಕಿನ ಯುಗ ಬಂದಿತು ಎಂದು ಬರೆದು ಚರಿತ್ರೆಯ ಪುಸ್ತಕವನ್ನು ಮುಚ್ಚಬಹುದಾಗಿತ್ತು.

ಆದರೆ ಹಕ್ಕು ಕಾಗದದ ಮೇಲೆ ಬಂದೊಡನೆ ನಾಲಗೆಯ ಮೇಲೆ ಬರುವುದಿಲ್ಲ. ಇದನ್ನು ಬಲ್ಲ ಡಿ. ವಿ. ಗುಂಡಪ್ಪನವರು ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲೇ, 1945ರಲ್ಲಿ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಮತ ಹಾಕುವವನಿಗೆ ರಾಜ್ಯದ ವ್ಯವಹಾರ ತಿಳಿದಿರಬೇಕೆಂಬ ಅವರ ಕಳಕಳಿ ಇಂದಿಗೂ ಹಳತಾಗಿಲ್ಲ.

ದಿನಬಳಕೆಯ ಬದುಕನ್ನೂ ರಾಜ್ಯದ ಅಧಿಕಾರವನ್ನೂ ಮತ್ತೊಮ್ಮೆ ಒಂದೇ ಎಳೆಯಲ್ಲಿ ಕಟ್ಟಿದವರು ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರಿಂದ ‘ನೀರ್ ಸಾಬ್’ ಎನಿಸಿಕೊಂಡ ಆ ಮಂತ್ರಿಗಳೇ, 1983ರ ಶಾಸನದ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದರು. 1987ರಲ್ಲಿ ಅವುಗಳಿಗೆ ಚುನಾವಣೆ ನಡೆದಾಗ ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆಂದು ಮೀಸಲಾಗಿತ್ತು. ಕೊಟ್ಟ ನೀರು ಬತ್ತಬಹುದು. ನೀರನ್ನು ಕೇಳುವ ಅಧಿಕಾರ ಊರಿನಲ್ಲೇ ಇದ್ದರೆ ಬತ್ತಿದ ದಿನ ಕೇಳಬಹುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳಿಗೆ ದೇಶಕ್ಕೆಲ್ಲ ಭದ್ರತೆ ಕೊಟ್ಟವು. ಐದು ವರ್ಷದ ಅವಧಿ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕೆಂಬುದು ಅಲ್ಲಿನ ಕಟ್ಟಳೆ. 2010ರಲ್ಲಿ ನಮ್ಮ ರಾಜ್ಯ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. 1881ರಲ್ಲಿ ಲೆಕ್ಕಕ್ಕೇ ಇಲ್ಲದಿದ್ದವಳು ಅರ್ಧ ಚಾವಡಿಯ ಒಡತಿಯಾದಳು.

ಇಷ್ಟಾದ ಮೇಲೆ ಆದದ್ದೇನು? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿಯಿತು. ಆ ಬಳಿಕ ಐದು ವರ್ಷ ತುಂಬಿದರೂ ಚುನಾವಣೆ ನಡೆಯಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದವು. ವಾರ್ಡುಗಳ ಗಡಿ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ, ಹೊಸ ಶಾಸನ ಎಂದು ಕಾರಣಗಳಿಗೇನೂ ಬರವಿರಲಿಲ್ಲ. ಪಕ್ಷಗಳು ಬದಲಾದವು, ಕಾರಣಗಳು ಬದಲಾಗಲಿಲ್ಲ. ಮತದ ಅಧಿಕಾರವಿಲ್ಲದ ಪ್ರತಿನಿಧಿಗಳನ್ನು ದಿವಾನರು ದಸರೆಗೆ ಕರೆಸಿ ಮಾತು ಕೇಳಿಸಿಕೊಳ್ಳುತ್ತಿದ್ದರು. ಮತದ ಅಧಿಕಾರವುಳ್ಳ ನಮಗೆ ವಾರ್ಡಿನ ಪ್ರತಿನಿಧಿಯೇ ಇಲ್ಲದ ಕಾಲ ಬಂದಿತು.

ಅದಕ್ಕಿಂತಲೂ ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಈ ಸ್ಥಿತಿಯ ವಿರುದ್ಧ ಕೆಲವು ಸಂಘಗಳೂ ಕೆಲವು ನಾಗರಿಕರೂ ನ್ಯಾಯಾಲಯದ ಮೆಟ್ಟಲೇರಿದರೆಂಬುದು ನಿಜ. ಉಳಿದ ನಾವು? ರಸ್ತೆಯ ಗುಂಡಿಯನ್ನೂ ಕಸದ ರಾಶಿಯನ್ನೂ ಬೈದುಕೊಂಡು ಸುತ್ತಿಹೋದೆವು. ನಲ್ಲಿಯಲ್ಲಿ ನೀರು ಬಾರದಿದ್ದರೆ ಟ್ಯಾಂಕರು ತರಿಸಿದೆವು. ಅದಕ್ಕೆ ಶಕ್ತಿಯಿಲ್ಲದವರು ಬಿಂದಿಗೆ ಹಿಡಿದು ಸಾಲುನಿಂತರು. ಆ ಸಾಲಿನಲ್ಲಿ ನಿಂತವರು ಹೆಚ್ಚಾಗಿ ಹೆಂಗಸರೇ ಎಂಬುದನ್ನು ಯಾರೂ ವರದಿ ಓದಿ ತಿಳಿಯಬೇಕಾಗಿಲ್ಲ. ಬೀಸುವ ಕಲ್ಲು ಹೋಯಿತು, ಬಿಂದಿಗೆ ಬಂದಿತು.

‘ಹಕ್ಕು’ ಎಂಬುದೂ ಅರಬ್ಬಿಯಿಂದ ಬಂದ ಮಾತೇ. ಅರ್ಜಿ, ಅಹವಾಲುಗಳ ಜೊತೆಗೇ ಅದು ನಮ್ಮ ನುಡಿಯೊಳಕ್ಕೆ ಬಂದು ಸೇರಿತು. ಮೊದಲಿನವೆರಡನ್ನು ಬೇಗ ಕಲಿತೆವು. ಮೂರನೆಯದನ್ನು ಕಲಿಯುವುದಕ್ಕೆ ಎರಡು ತಲೆಮಾರು ಹಿಡಿಯಿತು. ಕಲಿತದ್ದನ್ನು ಮರೆಯುವುದಕ್ಕೆ ಅಷ್ಟು ಕಾಲ ಬೇಕಾಗುವುದಿಲ್ಲ.